ತಿರುವಿನಲ್ಲಿ ವಾಲುವ ರೈಲು ಎಲ್ಲಿ ಬೇಕು, ಎಲ್ಲಿ ಬೇಡ: ಪದೇ ಪದೇ ಕೇಳುವ ಪ್ರಶ್ನೆಗಳು

ರೈಲು ಇನ್ನೂ ಬೇಗ ಹೋಗಬೇಕು ಎಂಬ ಮಾತು ಬಂದಾಗಲೆಲ್ಲ ಟಿಲ್ಟಿಂಗ್ ರೈಲಿನ ಹೆಸರು ಕೇಳಿಬರುತ್ತದೆ. ಹೊಸ ಹಳಿ ಹಾಕುವುದು ಬೇಡ, ಬೆಟ್ಟ ಕೊರೆಯುವುದು ಬೇಡ, ಇರುವ ಹಳಿಯ ಮೇಲೆಯೇ ಬೇಗ ಓಡಿಸಬಹುದು ಎಂದರೆ ಯಾರಿಗೆ ಆಸೆಯಾಗುವುದಿಲ್ಲ? ಕೆಲವು ಮಾರ್ಗಗಳಲ್ಲಿ ಆ ಆಸೆ ನಿಜವಾಗಿಯೂ ಕೈಗೂಡಿದೆ. ಇನ್ನು ಕೆಲವು ಕಡೆ ಸಾಕಷ್ಟು ದುಡ್ಡು ಸುರಿದ ಮೇಲೆ ಕೈಬಿಟ್ಟಿದ್ದಾರೆ. ಎಲ್ಲಿ ಫಲ ಕೊಟ್ಟಿತು, ಎಲ್ಲಿ ಕೊಡಲಿಲ್ಲ ಎಂದು ನೋಡಿದರೆ ನಮ್ಮ ಕಡೆಯ ಮಾರ್ಗಗಳ ಬಗ್ಗೆಯೂ ಸರಿಯಾಗಿ ಯೋಚಿಸಬಹುದು.

ಟಿಲ್ಟಿಂಗ್ ರೈಲು ಅಂದರೆ ಏನು?

ತಿರುವು ಬಂದಾಗ ಬೋಗಿಯ ಮೈ ಒಳಬದಿಗೆ ವಾಲುವ ರೈಲು. ಕೆಳಗಿರುವ ಚಕ್ರ, ಆಕ್ಸಲ್ ಎಲ್ಲ ಹಳಿಯ ಮೇಲೆ ಎಂದಿನಂತೆಯೇ ಇರುತ್ತವೆ. ವಾಲುವುದು ಅದರ ಮೇಲಿನ ಪೆಟ್ಟಿಗೆ ಮಾತ್ರ. ಬ್ರಿಟನ್ನಿನ ಪೆಂಡೊಲಿನೊ 8 ಡಿಗ್ರಿಯವರೆಗೆ ವಾಲುತ್ತದೆ. ಇದನ್ನು ಮಾಡುವುದು ಯಂತ್ರ. ತಿರುವು ಬಂದಿದ್ದು ಸೆನ್ಸರ್‌ಗೆ ಗೊತ್ತಾಗುತ್ತದೆ, ಮೋಟಾರೋ ಹೈಡ್ರಾಲಿಕ್ ಜ್ಯಾಕೋ ಬೋಗಿಯನ್ನು ತಳ್ಳುತ್ತದೆ. ಯಂತ್ರವಿಲ್ಲದೆ ತಾನಾಗಿ ವಾಲುವ ರೈಲುಗಳೂ ಇವೆ. ಸ್ಪೇನ್‌ನ ಟಾಲ್ಗೊ ಅಂಥದ್ದು. ಅದರ ಸ್ಪ್ರಿಂಗ್‌ಗಳು ಬೋಗಿಯ ಮೇಲ್ಭಾಗದಲ್ಲಿವೆ. ಹಾಗಾಗಿ ಬೋಗಿ ತೂಗುಹಾಕಿದಂತಿದ್ದು, ತಿರುವಿನಲ್ಲಿ ಅದರ ಕೆಳಭಾಗ ಹೊರಕ್ಕೆ ಸರಿಯುತ್ತದೆ. ಈ ಬಗೆಯಲ್ಲಿ ಖರ್ಚು, ರಿಪೇರಿ ಕಡಿಮೆ. ಆದರೆ ವಾಲುವ ಕೋನವೂ ಕಡಿಮೆ.

ವಾಲದಿದ್ದರೆ ಅಷ್ಟು ವೇಗದಲ್ಲಿ ರೈಲು ಮಗುಚಿ ಬೀಳುತ್ತದಾ?

ಇಲ್ಲ. ಬಹಳ ಜನ ತಪ್ಪು ತಿಳಿದುಕೊಂಡಿರುವುದು ಇದನ್ನೇ. ಸಾಮಾನ್ಯ ರೈಲಿಗೆ ತಿರುವಿನಲ್ಲಿ ಹಾಕಿರುವ ವೇಗದ ಮಿತಿ ರೈಲು ಮಗುಚುವ ವೇಗಕ್ಕಿಂತ ತುಂಬಾ ಕೆಳಗಿರುತ್ತದೆ. ಆ ಮಿತಿ ಇರುವುದು ಮುಖ್ಯವಾಗಿ ಒಳಗೆ ಕೂತವರಿಗಾಗಿ. ಅದನ್ನು ಮೀರಿ ಓಡಿಸಿದರೆ ಕೈಯಲ್ಲಿನ ಕಾಫಿ ಚೆಲ್ಲುತ್ತದೆ, ನಡುದಾರಿಯಲ್ಲಿ ನಿಂತವರು ಪಕ್ಕದವರ ಮೇಲೆ ಬೀಳುತ್ತಾರೆ.

ಬೋಗಿ ವಾಲಿದರೆ ಆ ಪಕ್ಕದ ಎಳೆತ ನೆಲದ ಕಡೆಗೆ ತಿರುಗುತ್ತದೆ. ಕೂತವರಿಗೆ ಮೈ ಸ್ವಲ್ಪ ಭಾರವಾದಂತೆ ಅನಿಸುತ್ತದೆ, ಅಷ್ಟೇ. ಆದರೆ ಹಳಿಯ ಮೇಲೆ ಬೀಳುವ ಒತ್ತಡ ಕಡಿಮೆಯಾಗುವುದಿಲ್ಲ. ವೇಗ ಜಾಸ್ತಿಯಾದಷ್ಟೂ ಆ ಒತ್ತಡವೂ ಜಾಸ್ತಿ. ಅದಕ್ಕೇ ಟಿಲ್ಟಿಂಗ್ ರೈಲಿನ ಆಕ್ಸಲ್ ಭಾರ ಕಡಿಮೆ ಇರಬೇಕು, ಹಳಿ ಗಟ್ಟಿಯಾಗಿರಬೇಕು. "ಇರುವ ಹಳಿಯಲ್ಲೇ ಓಡಿಸಬಹುದು" ಎನ್ನುವುದು ಅರ್ಧ ಮಾತ್ರ ನಿಜ.

ತಿರುವಿನಲ್ಲಿ ಹೊರಗಿನ ಹಳಿಯನ್ನೇ ಇನ್ನಷ್ಟು ಎತ್ತರಿಸಿದರೆ ಸಾಲದಾ?

ಒಳ್ಳೆಯ ಪ್ರಶ್ನೆ. ತಿರುವಿನಲ್ಲಿ ಹೊರಗಿನ ಹಳಿ ಒಳಗಿನದಕ್ಕಿಂತ ಎತ್ತರ ಇರುತ್ತದೆ. ರೈಲ್ವೆಯವರು ಅದನ್ನು ಕ್ಯಾಂಟ್ ಅನ್ನುತ್ತಾರೆ. ನಮ್ಮ ಬ್ರಾಡ್‌ಗೇಜ್ ಮುಖ್ಯ ಮಾರ್ಗಗಳಲ್ಲಿ ಅದರ ಗರಿಷ್ಠ ಮಿತಿ 165 ಮಿಲಿಮೀಟರ್. ಇದನ್ನು 200ಕ್ಕೋ 300ಕ್ಕೋ ಏರಿಸಿದರೆ ಎಲ್ಲ ರೈಲೂ ಬೇಗ ಹೋಗಬಹುದಲ್ಲ ಅನಿಸುತ್ತದೆ.

ತೊಡಕು ಗೂಡ್ಸ್ ರೈಲಿನದು. ಅದೇ ತಿರುವಿನಲ್ಲಿ ಕಲ್ಲಿದ್ದಲು ತುಂಬಿದ ಗೂಡ್ಸ್ ನಿಧಾನವಾಗಿ ಬರುತ್ತದೆ. ಕೆಲವೊಮ್ಮೆ ಸಿಗ್ನಲ್ ಸಿಗದೆ ಅಲ್ಲೇ ನಿಲ್ಲುತ್ತದೆ. ಆಗ ಅದರ ಭಾರದ ಹೆಚ್ಚು ಪಾಲು ಒಳಗಿನ ಹಳಿಯ ಮೇಲೆ ಬೀಳುತ್ತದೆ. ಹಳಿ ಸವೆಯುತ್ತದೆ, ತಲೆ ಚಪ್ಪಟೆಯಾಗುತ್ತದೆ. ಹಾಗಾಗಿ ಗೂಡ್ಸ್ ಮತ್ತು ಪ್ಯಾಸೆಂಜರ್ ಎರಡೂ ಓಡುವ ಕಡೆ ಹಳಿಯ ಎತ್ತರವನ್ನು ನಡುವೆ ಎಲ್ಲೋ ಒಂದು ಕಡೆ ನಿಲ್ಲಿಸಬೇಕಾಗುತ್ತದೆ. ವೇಗದ ರೈಲಿಗೆ ಅಷ್ಟು ಎತ್ತರ ಸಾಲದು. ಎಷ್ಟು ಸಾಲದು ಎನ್ನುವುದಕ್ಕೆ ಕ್ಯಾಂಟ್ ಕೊರತೆ ಎಂಬ ಅಳತೆ ಇದೆ. ಭಾರತದಲ್ಲಿ ಸಾಮಾನ್ಯವಾಗಿ 75 ಮಿಲಿಮೀಟರ್ ಕೊರತೆಗೆ ಅವಕಾಶವಿದೆ, ಕೆಲವು ವೇಗದ ಮಾರ್ಗಗಳಲ್ಲಿ 100.

ಗೂಡ್ಸ್‌ಗೆ ತೊಂದರೆ ಕೊಡದೆ ಈ ಕೊರತೆಯನ್ನು ಬೋಗಿಯಲ್ಲೇ ತುಂಬಿಕೊಡುವುದು ಟಿಲ್ಟಿಂಗ್ ರೈಲಿನ ಕೆಲಸ. ನನ್ನ ಪ್ರಕಾರ ಅದರ ಪರವಾಗಿರುವ ಅತ್ಯಂತ ಬಲವಾದ ಮಾತು ಇದೇ.

ನಿಜವಾಗಿ ಎಷ್ಟು ವೇಗ ಸಿಗುತ್ತದೆ? ಎಷ್ಟು ಸಮಯ ಉಳಿಯುತ್ತದೆ?

ಲೆಕ್ಕ ಹಾಕಿಯೇ ನೋಡೋಣ. ಯುರೋಪಿನ ಸ್ಟ್ಯಾಂಡರ್ಡ್ ಗೇಜ್ ಹಳಿ, 1000 ಮೀಟರ್ ತ್ರಿಜ್ಯದ ತಿರುವು, ಹೊರಹಳಿಯ ಎತ್ತರ 150 ಮಿಲಿಮೀಟರ್ ಅಂದುಕೊಳ್ಳಿ. ಸಾಮಾನ್ಯ ರೈಲಿಗೆ 150 ಮಿಲಿಮೀಟರ್ ಕೊರತೆಗೆ ಒಪ್ಪಿದರೆ ಗಂಟೆಗೆ ಸುಮಾರು 160 ಕಿಲೋಮೀಟರ್ ಸಿಗುತ್ತದೆ. ವಾಲುವ ರೈಲಿಗೆ 275 ಕೊಟ್ಟರೆ ಸುಮಾರು 190. ಅಂದರೆ ಐದನೇ ಒಂದು ಭಾಗದಷ್ಟು ಲಾಭ.

ಈಗ ಆ ತಿರುವು ಅರ್ಧ ಕಿಲೋಮೀಟರ್ ಉದ್ದ ಇದೆ ಅನ್ನಿ. 160ರಲ್ಲಿ ಅದನ್ನು ದಾಟಲು 11 ಸೆಕೆಂಡ್ ಚಿಲ್ಲರೆ ಬೇಕು, 190ರಲ್ಲಿ ಒಂಬತ್ತೂವರೆ. ಉಳಿದದ್ದು ಎರಡು ಸೆಕೆಂಡೂ ಇಲ್ಲ! ದೊಡ್ಡ ಲಾಭ ಇರುವುದು ಬೇರೆ ಕಡೆ. ವಾಲದ ರೈಲು ತಿರುವಿಗೆ ಮುಂಚೆ ಬ್ರೇಕ್ ಹಾಕಬೇಕು, ಆಮೇಲೆ ಮತ್ತೆ ವೇಗ ಏರಿಸಬೇಕು. ಆ ಇಳಿಸಿ ಏರಿಸುವ ನಷ್ಟ ಪ್ರತಿ ತಿರುವಿಗೂ ತಪ್ಪುತ್ತದೆ. ತಿರುವುಗಳು ಒಂದರ ಹಿಂದೆ ಒಂದು ಬರುತ್ತಿದ್ದರೆ ಸೆಕೆಂಡುಗಳು ಸೇರಿ ನಿಮಿಷಗಳಾಗುತ್ತವೆ. ದಾರಿಯಲ್ಲಿ ನಾಲ್ಕೈದೇ ತಿರುವು ಇದ್ದರೆ ಅವುಗಳನ್ನೇ ನೆಟ್ಟಗೆ ಮಾಡುವುದು ಮೇಲು.

ಹಾಗಾದರೆ ಯಾವ ಬಗೆಯ ಮಾರ್ಗಕ್ಕೆ ಇದು ಹೊಂದುತ್ತದೆ?

ಬ್ರಿಟನ್ನಿನ ಎರಡು ಮಾರ್ಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಎರಡೂ ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ಹೋಗುತ್ತವೆ. ಎರಡೂ 630ರಿಂದ 650 ಕಿಲೋಮೀಟರ್ ಉದ್ದ.

ಪೂರ್ವ ಕರಾವಳಿಯ ಮಾರ್ಗ ಎಡಿನ್‌ಬರೋಗೆ ಹೋಗುತ್ತದೆ. ಅಲ್ಲಿ ಬಯಲು ಜಾಸ್ತಿ, ಹಳಿ ಹೆಚ್ಚಾಗಿ ನೆಟ್ಟಗಿದೆ. 1978ರಲ್ಲೇ ಅಲ್ಲಿ ಸಾಮಾನ್ಯ ಡೀಸೆಲ್ ರೈಲುಗಳು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಓಡತೊಡಗಿದವು. ಆಮೇಲೆ ಬಂದ ಹೊಸ ಬೋಗಿಗಳನ್ನು ಬೇಕಾದರೆ ವಾಲುವ ಯಂತ್ರ ಕೂರಿಸಲು ಬರುವಂತೆ ಕಟ್ಟಿದ್ದರು. ಕೊನೆಗೂ ಅದನ್ನು ಕೂರಿಸಲಿಲ್ಲ. ಅಗತ್ಯವೇ ಬೀಳಲಿಲ್ಲ.

ಪಶ್ಚಿಮ ಕರಾವಳಿಯ ಮಾರ್ಗ ಗ್ಲಾಸ್ಗೋಗೆ ಹೋಗುತ್ತದೆ. 19ನೇ ಶತಮಾನದ ಮೊದಲರ್ಧದಲ್ಲಿ ಬೇರೆ ಬೇರೆ ಕಂಪನಿಗಳು ತುಂಡುತುಂಡಾಗಿ ಕಟ್ಟಿದ ದಾರಿ ಅದು. ಬೆಟ್ಟ ಬಂದಲ್ಲಿ ಸುತ್ತಿಕೊಂಡು, ನದಿಯ ಕಣಿವೆಯನ್ನೇ ಹಿಡಿದು ಸಾಗುತ್ತದೆ. ಅಲ್ಲಿ ಸಾಮಾನ್ಯ ರೈಲಿಗೆ ಬಹಳ ಕಾಲ ಗಂಟೆಗೆ 177 ಕಿಲೋಮೀಟರ್ ಮಿತಿ ಇತ್ತು. ಪೆಂಡೊಲಿನೊ 200ರಲ್ಲಿ ಹೋಗುತ್ತದೆ. ಆ ಮಾರ್ಗದಲ್ಲಿ ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ಲಿವರ್‌ಪೂಲ್‌ಗಳ ಜನರೆಲ್ಲ ಓಡಾಡುತ್ತಾರೆ. ಎರಡೂ ಬದಿಗೆ ಊರುಗಳು ಬೆಳೆದುಬಿಟ್ಟಿವೆ, ಹಳಿಯನ್ನು ನೆಟ್ಟಗೆ ಮಾಡಲು ಜಾಗವಿಲ್ಲ. ವಾಲುವ ರೈಲಿಗೆ ಹೇಳಿ ಮಾಡಿಸಿದಂಥ ಮಾರ್ಗ ಇದು.

ಆದರೂ ಅಗ್ಗವಾಗಿ ಆಗಲಿಲ್ಲ. 2008ರಲ್ಲಿ ಮುಗಿದ ಆ ಮಾರ್ಗದ ನವೀಕರಣಕ್ಕೆ ಸುಮಾರು 900 ಕೋಟಿ ಪೌಂಡ್ ಖರ್ಚಾಯಿತು. ರೈಲನ್ನು ಗಂಟೆಗೆ 225 ಕಿಲೋಮೀಟರ್ ವೇಗಕ್ಕೆ ಕಟ್ಟಿದ್ದರು. ಅದಕ್ಕೆ ಬೇಕಾದ ಸಿಗ್ನಲ್ ವ್ಯವಸ್ಥೆ ಬರಲೇ ಇಲ್ಲ, 200ಕ್ಕೇ ನಿಂತಿತು. ವಾಲುವ ರೈಲು ತಂದ ಮಾತ್ರಕ್ಕೆ ಹಳಿ, ವಿದ್ಯುತ್ ತಂತಿ, ಸಿಗ್ನಲ್‌ಗಳ ಕೆಲಸ ತಪ್ಪುವುದಿಲ್ಲ.

ಸ್ವೀಡನ್ ಅಷ್ಟು ಚೆನ್ನಾಗಿ ಮಾಡಿದ್ದು ಹೇಗೆ?

ಸ್ಟಾಕ್‌ಹೋಮ್–ಗೋಥೆನ್‌ಬರ್ಗ್ ನಡುವೆ ಸುಮಾರು 455 ಕಿಲೋಮೀಟರ್. ದೇಶದಲ್ಲಿ ಜನ ಕಡಿಮೆ, ಹೊಸ ಹೈಸ್ಪೀಡ್ ಮಾರ್ಗಕ್ಕೆ ಹಾಕುವ ದುಡ್ಡು ವಾಪಸ್ ಬರುವುದು ಕಷ್ಟ. 1990ರಲ್ಲಿ ಅವರು ಎಕ್ಸ್ 2000 ಎಂಬ ವಾಲುವ ರೈಲು ಓಡಿಸಿದರು. ನಾಲ್ಕು ಗಂಟೆಯ ದಾರಿ ಮೂರು ಗಂಟೆಯ ಆಸುಪಾಸಿಗೆ ಬಂತು. ಅದರ ಚಕ್ರಗಳ ಚೌಕಟ್ಟು ಮೆದುವಾಗಿದ್ದು, ತಿರುವಿಗೆ ತಕ್ಕಂತೆ ಆಕ್ಸಲ್‌ಗಳು ತಾವೇ ಸ್ವಲ್ಪ ತಿರುಗಿಕೊಳ್ಳುತ್ತವೆ. ಅದರಿಂದ ಹಳಿಯ ಸವೆತ ಕಡಿಮೆ. ಮುಂದಿನ ಎಂಜಿನ್ ವಾಲುವುದೇ ಇಲ್ಲ, ಬೋಗಿಗಳು ಮಾತ್ರ ವಾಲುತ್ತವೆ. ಪ್ರಯಾಣಿಕರು ಇರುವುದು ಬೋಗಿಯಲ್ಲಿ ತಾನೆ.

ಜಪಾನಿನಲ್ಲಿ ಬುಲೆಟ್ ರೈಲು ಇರುವಾಗ ವಾಲುವ ರೈಲು ಯಾಕೆ?

ಬುಲೆಟ್ ರೈಲು ಹೋಗದ ಕಡೆಗೆ. ಜಪಾನಿನ ಹಳೆಯ ಹಳಿಗಳು ನ್ಯಾರೋ ಗೇಜ್, ಬೆಟ್ಟಗಳ ನಡುವೆ ಹಾವಿನಂತೆ ಹೋಗುತ್ತವೆ. 1973ರಲ್ಲಿ ನಗೋಯಾದಿಂದ ನಗಾನೋಗೆ 381 ಸರಣಿಯ ವಾಲುವ ರೈಲು ಬಂತು. 1989ರಲ್ಲಿ ಶಿಕೊಕು ದ್ವೀಪದಲ್ಲಿ ವಾಲುವ ಡೀಸೆಲ್ ರೈಲು ಶುರುವಾಯಿತು.

ಈ ಶಿಕೊಕುವಿನಲ್ಲೇ ನಾವೆಲ್ಲ ತಿಳಿಯಬೇಕಾದ ಇನ್ನೊಂದು ಸಂಗತಿ ನಡೆದಿದೆ. 2017ರಲ್ಲಿ ಅವರು 2600 ಸರಣಿಯ ಹೊಸ ರೈಲು ತಂದರು. ಅದು ವಾಲುತ್ತಿದ್ದದ್ದು ಏರ್ ಸ್ಪ್ರಿಂಗ್‌ಗೆ ಗಾಳಿ ತುಂಬಿ. ಯಂತ್ರ ಸರಳ, ಖರ್ಚು ಕಡಿಮೆ. ಆದರೆ ದೋಸನ್ ಮಾರ್ಗದಲ್ಲಿ ಬಿಡುವಿಲ್ಲದೆ ತಿರುವುಗಳು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಒಂದು ತಿರುವಿಗೆ ಖರ್ಚಾದ ಗಾಳಿ ಮುಂದಿನದರೊಳಗೆ ತುಂಬಿಕೊಳ್ಳುವುದು ಕಷ್ಟವಾಯಿತು. ಕೊನೆಗೆ 2019ರ 2700 ಸರಣಿಯಲ್ಲಿ, ಬೋಗಿ ಲೋಲಕದಂತೆ ತೂಗುವ ಹಳೆಯ ಪದ್ಧತಿಗೇ ಮರಳಿದರು. ಒಂದೇ ಕಂಪನಿ, ಒಂದೇ ದ್ವೀಪ, ಆದರೂ ಎಲ್ಲ ಮಾರ್ಗಕ್ಕೂ ಒಂದೇ ತಂತ್ರ ಹೊಂದಲಿಲ್ಲ.

ಬುಲೆಟ್ ರೈಲಿನಲ್ಲೂ ಸಣ್ಣ ಮಟ್ಟದಲ್ಲಿ ಇದು ಇದೆ. ಟೋಕಿಯೊ–ಒಸಾಕಾ ಮಾರ್ಗ 1964ರದ್ದು, ಅಲ್ಲಿನ ತಿರುವುಗಳ ತ್ರಿಜ್ಯ 2500 ಮೀಟರ್. ಇಂದಿನ ವೇಗಕ್ಕೆ ಅದು ಬಿಗಿ. 2007ರ ಎನ್700 ರೈಲು ಬರೀ ಒಂದು ಡಿಗ್ರಿ ವಾಲಿ ಆ ತಿರುವುಗಳನ್ನು 270ರಲ್ಲೇ ದಾಟಿತು. ಹೊಸದಾಗಿ ಕಟ್ಟುವ ಹೈಸ್ಪೀಡ್ ಮಾರ್ಗದಲ್ಲಾದರೆ ತಿರುವನ್ನೇ ಅಗಲವಾಗಿ ಇಡುತ್ತಾರೆ. ಅಲ್ಲಿ 8 ಡಿಗ್ರಿ ವಾಲುವ ಯಂತ್ರ ಹೊತ್ತು ಓಡುವುದು ಸುಮ್ನೆ ಭಾರ.

ಹೊಟ್ಟೆ ತೊಳಸುತ್ತದೆ ಅಂತಾರೆ, ನಿಜವಾ?

ನಿಜ, ಕೆಲವರಿಗೆ ಆಗುತ್ತದೆ. ಇದರಿಂದಲೇ ಒಂದು ದೊಡ್ಡ ಯೋಜನೆ ಹೆಸರು ಕೆಡಿಸಿಕೊಂಡಿತು. ಬ್ರಿಟನ್ನಿನ ಸರ್ಕಾರಿ ರೈಲ್ವೆಯಾಗಿದ್ದ ಬ್ರಿಟಿಷ್ ರೈಲ್ ಕಟ್ಟಿದ ಎಪಿಟಿ (ಅಡ್ವಾನ್ಸ್‌ಡ್ ಪ್ಯಾಸೆಂಜರ್ ಟ್ರೇನ್) ಎಂಬ ವಾಲುವ ರೈಲು 1979ರಲ್ಲಿ ಗಂಟೆಗೆ 261 ಕಿಲೋಮೀಟರ್ ಮುಟ್ಟಿತ್ತು. 1981ರ ಡಿಸೆಂಬರಿನಲ್ಲಿ, ಕೊರೆಯುವ ಚಳಿಯಲ್ಲಿ, ಜನರನ್ನು ಹತ್ತಿಸಿಕೊಂಡು ಓಡಿತು. ವಾಲುವ ಯಂತ್ರ ಕೈಕೊಟ್ಟಿತು, ಪ್ರಯಾಣಿಕರಿಗೆ ವಾಕರಿಕೆ ಬಂತು, ಪತ್ರಿಕೆಗಳು ಅದನ್ನೇ ಹಿಡಿದುಕೊಂಡವು. ಕೆಲವೇ ದಿನಗಳಲ್ಲಿ ರೈಲನ್ನು ಹಿಂದಕ್ಕೆ ತೆಗೆದುಕೊಂಡರು.

ತಪ್ಪು ಎಲ್ಲಿತ್ತು ಎಂದು ಆಮೇಲೆ ತಿಳಿಯಿತು. ಆ ರೈಲು ಪಕ್ಕದ ಎಳೆತವನ್ನು ಪೂರ್ತಿ ಅಳಿಸಿಹಾಕುತ್ತಿತ್ತು. ಕಿಟಕಿಯಾಚೆ ನೆಲ ಮೇಲೆದ್ದು ಬರುವುದು ಕಣ್ಣಿಗೆ ಕಾಣುತ್ತದೆ, ಮೈಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಕಣ್ಣು ಒಂದು ಹೇಳಿ ಕಿವಿಯೊಳಗಿನ ಸಮತೋಲನ ಇನ್ನೊಂದು ಹೇಳಿದರೆ ಹೊಟ್ಟೆ ತೊಳಸುತ್ತದೆ. ಈಗಿನ ರೈಲುಗಳು ಬೇಕೆಂದೇ ಪೂರ್ತಿ ವಾಲುವುದಿಲ್ಲ. ಎಳೆತದಲ್ಲಿ ಸ್ವಲ್ಪ ಭಾಗವನ್ನು ಹಾಗೇ ಬಿಡುತ್ತವೆ. ಯಂತ್ರ ತಡವಾಗಿ ಎಚ್ಚೆತ್ತು ಸರಕ್ಕನೆ ವಾಲಿದರೂ ತೊಂದರೆಯೇ. ಅದಕ್ಕೆ ತಿರುವುಗಳ ನಕ್ಷೆಯನ್ನು ರೈಲಿನ ಕಂಪ್ಯೂಟರಿನಲ್ಲಿ ಇಟ್ಟು, ಮೊದಲೇ ಮೆಲ್ಲಗೆ ವಾಲಲು ಶುರುಮಾಡುವ ಪದ್ಧತಿ ಜಪಾನಿನಲ್ಲಿ ಬೆಳೆಯಿತು.

ಎಪಿಟಿಯ ಪೇಟೆಂಟ್‌ಗಳಲ್ಲಿ ಕೆಲವು ಇಟಲಿಯ ಫಿಯಟ್ ಕಂಪನಿಗೆ ಹೋದವು. ಇಟಲಿಯವರು 1970ರ ದಶಕದಿಂದಲೇ ತಮ್ಮದೇ ಪೆಂಡೊಲಿನೊ ಕಟ್ಟುತ್ತಿದ್ದರು. ಅದೇ ವಂಶದ ರೈಲು ಮುಂದೆ ಬ್ರಿಟನ್ನಿಗೆ ಬಂದು, ಎಪಿಟಿ ಸೋತ ಅದೇ ಪಶ್ಚಿಮ ಕರಾವಳಿಯ ಹಳಿಯ ಮೇಲೆ 2004ರಿಂದ ವಾಲಿಕೊಂಡು ಓಡುತ್ತಿದೆ.

ಪೆಂಡೊಲಿನೊ ಎಂದು ಹೆಸರಿದ್ದರೆ ವಾಲಲೇಬೇಕಾ?

ಇಲ್ಲ. ಪೋಲೆಂಡಿನ ಪೆಂಡೊಲಿನೊ ವಾಲುವುದಿಲ್ಲ. ಅವರು ಆ ಯಂತ್ರ ಬೇಡ ಎಂದೇ ಕೊಂಡರು.

ಇಂಗ್ಲೆಂಡಿನಲ್ಲಿದ್ದೇನೆ. ವಾಲುವುದು ಎಲ್ಲಿ ಚೆನ್ನಾಗಿ ಗೊತ್ತಾಗುತ್ತದೆ?

ಲಂಡನ್ ಯೂಸ್ಟನ್‌ನಿಂದ ಗ್ಲಾಸ್ಗೋ ರೈಲು ಹತ್ತಿ. ಲ್ಯಾಂಕಾಸ್ಟರ್ ದಾಟಿದ ಮೇಲೆ ಲೂನ್ ನದಿಯ ಕಣಿವೆ, ಶಾಪ್ ಏರು, ಸ್ಕಾಟ್ಲೆಂಡಿನೊಳಗೆ ಬಿಯಾಟಕ್ ಏರು. ಅರ್ಧ ತುಂಬಿದ ನೀರಿನ ಬಾಟಲಿ ಟೇಬಲ್ ಮೇಲಿಟ್ಟು ನೋಡಿ. ಹೊರಗೆ ಬೆಟ್ಟ ಓರೆಯಾಗಿ ಕಾಣುವಾಗಲೂ ಬಾಟಲಿಯೊಳಗಿನ ನೀರು ಟೇಬಲ್‌ಗೆ ಹೆಚ್ಚುಕಡಿಮೆ ಸಮವಾಗಿ ನಿಂತಿರುತ್ತದೆ. ಕಿಟಕಿ ಚಿಕ್ಕದು, ಗೋಡೆ ಮೇಲಕ್ಕೆ ಹೋದಂತೆ ಒಳಕ್ಕೆ ಬಂದಿರುವುದೂ ಗಮನಕ್ಕೆ ಬರುತ್ತದೆ. ವಾಲಿದಾಗ ಸುರಂಗದ ಗೋಡೆಗೋ ಪಕ್ಕದ ರೈಲಿಗೋ ತಾಗಬಾರದು, ಅದಕ್ಕೇ ಹಾಗೆ. ಒಳಗೆ ಇಕ್ಕಟ್ಟು ಎಂದು ಅಲ್ಲಿನವರು ದೂರುವುದು ಸುಮ್ಮನೆ ಅಲ್ಲ.

ಕೆಲವು ದೇಶಗಳು ಯಾಕೆ ಕೈಬಿಟ್ಟವು?

ಒಂದೊಂದು ಕಡೆ ಒಂದೊಂದು ಕಾರಣ. ಜರ್ಮನಿಯಲ್ಲಿ 2008ರಲ್ಲಿ ಕಲೋನ್ ಬಳಿ ಒಂದು ವೇಗದ ರೈಲಿನ ಆಕ್ಸಲ್ ಮುರಿಯಿತು. ಅದು ವಾಲುವ ರೈಲಲ್ಲ. ಆದರೂ ಆಮೇಲೆ ಎಲ್ಲ ಆಕ್ಸಲ್‌ಗಳ ತಪಾಸಣೆ ಬಿಗಿಯಾಯಿತು, ಐಸಿಇ-ಟಿ ರೈಲುಗಳ ವಾಲುವ ಯಂತ್ರ ಆರಿಸಿ ಓಡಿಸಬೇಕಾಯಿತು. ರೈಲುಗಳು ಮೊದಲಿನ ಸಮಯ ಉಳಿಸಿಕೊಳ್ಳಲಾಗಲಿಲ್ಲ. ಬ್ರಿಟನ್ನಿನ ಕ್ರಾಸ್‌ಕಂಟ್ರಿ ಕಂಪನಿಯ ರೈಲುಗಳಲ್ಲೂ 2008ರಲ್ಲಿ ಯಂತ್ರ ನಿಲ್ಲಿಸಿದರು. ಅವು ಓಡುವ ದಾರಿಯಲ್ಲಿ ಅದರಿಂದ ಸಿಗುತ್ತಿದ್ದ ಲಾಭ ಸ್ವಲ್ಪ, ರಿಪೇರಿ ಖರ್ಚು ಜಾಸ್ತಿ. ಜಪಾನಿನ ಹೊಕ್ಕೈಡೊ ಕಂಪನಿ ಅಪಘಾತಗಳ ನಂತರ ಸುರಕ್ಷತೆಗೆ ದುಡ್ಡು ಹಾಕಬೇಕೆಂದು ಹೊಸ ವಾಲುವ ರೈಲಿನ ಯೋಜನೆಯನ್ನು 2014ರಲ್ಲಿ ಕೈಬಿಟ್ಟಿತು.

ಸ್ವಿಟ್ಜರ್ಲೆಂಡಿನದು ಇನ್ನೂ ಸ್ವಾರಸ್ಯದ ವಿಷಯ. ಅಲ್ಲಿ ದೊಡ್ಡ ನಿಲ್ದಾಣಗಳಿಗೆ ಎಲ್ಲ ದಿಕ್ಕಿನ ರೈಲುಗಳೂ ಒಂದೇ ಹೊತ್ತಿಗೆ ಬಂದು, ಜನ ಬದಲಿಸಿಕೊಂಡ ಮೇಲೆ ಒಟ್ಟಿಗೆ ಹೊರಡುತ್ತವೆ. ಅಲ್ಲಿ ಐದು ನಿಮಿಷ ಉಳಿದರೆ ಮುಂದಿನ ರೈಲು ಸಿಗುತ್ತದೆ, ಅಂದರೆ ಅರ್ಧ ಗಂಟೆಯೇ ಉಳಿದ ಹಾಗೆ. 2000ದಲ್ಲಿ ಜೂರಾ ಬೆಟ್ಟದ ತಪ್ಪಲಿನ ಮಾರ್ಗಕ್ಕೆ ವಾಲುವ ಐಸಿಎನ್ ರೈಲು ತಂದದ್ದು ಈ ಲೆಕ್ಕದಿಂದ. ಆದರೆ ಆಮೇಲೆ ಡಬಲ್ ಡೆಕರ್ ರೈಲಿನಲ್ಲಿ ಅಂಥದ್ದೇ ತಂತ್ರ ಪ್ರಯತ್ನಿಸಿ, 2022ರಲ್ಲಿ ಬೇಡವೆಂದು ಬಿಟ್ಟರು. ಅದರ ಬದಲು ಬರ್ನ್–ಲೌಸಾನ್ ನಡುವೆ ಹಳಿಯನ್ನೇ ಸುಧಾರಿಸುವ ದಾರಿ ಹಿಡಿದರು.

ಸುರಕ್ಷಿತವಾ?

ವೇಗದ ಮೇಲೆ ಕಣ್ಣಿಡುವ ವ್ಯವಸ್ಥೆ ಇದ್ದರೆ ಸುರಕ್ಷಿತ. ಇದರಲ್ಲಿ ಮಾತ್ರ ರಾಜಿ ಸಲ್ಲದು. 2004ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ, ಬೆರಜೊಂಡೊ ಬಳಿ, ವಾಲುವ ರೈಲೊಂದು 60ರ ಮಿತಿಯ ತಿರುವಿಗೆ 112ರಲ್ಲಿ ನುಗ್ಗಿ ಹಳಿ ತಪ್ಪಿತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. 2018ರಲ್ಲಿ ತೈವಾನಿನ ಪುಯುಮಾ ರೈಲು 75ರ ಮಿತಿಯ ತಿರುವಿಗೆ 140ರಲ್ಲಿ ಹೋಯಿತು. ಹದಿನೆಂಟು ಜನ ತೀರಿಕೊಂಡರು. ತಾನಾಗಿ ಬ್ರೇಕ್ ಹಾಕಬೇಕಿದ್ದ ವ್ಯವಸ್ಥೆಯನ್ನು ಆ ದಿನ ಆರಿಸಲಾಗಿತ್ತು.

ಎರಡೂ ಕಡೆ ವಾಲುವ ಯಂತ್ರ ಕೆಟ್ಟು ಆದದ್ದಲ್ಲ. ರೈಲು ವಾಲಿದರೂ ಹಳಿಗೆ ಒಂದು ಮಿತಿ ಇದ್ದೇ ಇದೆ. ಬ್ರಿಟನ್ನಿನಲ್ಲಿ ಹಳಿಯ ನಡುವೆ ಕೂರಿಸಿದ ಸಾಧನಗಳು ಎಲ್ಲಿ ವಾಲಬಹುದು, ಎಷ್ಟು ವೇಗದಲ್ಲಿ ಹೋಗಬಹುದು ಎಂದು ರೈಲಿಗೆ ತಿಳಿಸುತ್ತವೆ. ಲೋಕೋ ಪೈಲಟ್ ಮೀರಿದರೆ ಬ್ರೇಕ್ ತಾನಾಗಿ ಬೀಳುತ್ತದೆ. ಇಂಥ ವ್ಯವಸ್ಥೆ ಇಲ್ಲದ ಮಾರ್ಗಕ್ಕೆ ವಾಲುವ ರೈಲು ತರಲೇಬಾರದು.

ಭಾರತದಲ್ಲಿ ಇದೆಯಾ?

ಪ್ರಯಾಣಿಕರಿಗಾಗಿ ಓಡುವ ಟಿಲ್ಟಿಂಗ್ ರೈಲು ಇಲ್ಲ. 2016ರಲ್ಲಿ ಟಾಲ್ಗೊ ಬೋಗಿಗಳನ್ನು ತಂದು ನಮ್ಮದೇ ಎಂಜಿನ್ ಹಚ್ಚಿ ಪರೀಕ್ಷೆ ಮಾಡಿದರು. ಮಥುರಾ–ಪಲ್ವಲ್ ನಡುವೆ ಗಂಟೆಗೆ 180 ಕಿಲೋಮೀಟರ್ ಮುಟ್ಟಿತು. ದೆಹಲಿಯಿಂದ ಮುಂಬೈಗೆ 12 ಗಂಟೆಯೊಳಗೆ ಬಂತು. ಆಗ ರಾಜಧಾನಿಗೆ ಸುಮಾರು 16 ಗಂಟೆ ಬೇಕಿತ್ತು. ಆ ಉಳಿತಾಯವೆಲ್ಲ ವಾಲಿದ್ದರಿಂದಲೇ ಬಂತು ಅನ್ನಲಾಗದು. ಹಗುರ ಬೋಗಿ, ಹೆಚ್ಚಿನ ವೇಗದ ಅನುಮತಿ ಎಲ್ಲವೂ ಸೇರಿತ್ತು. 2017ರಲ್ಲಿ ವಾಲುವ ರೈಲಿನ ಬಗ್ಗೆ ಸ್ವಿಟ್ಜರ್ಲೆಂಡಿನ ಜೊತೆ ಒಡಂಬಡಿಕೆ ಆಯಿತು. 2022ರಲ್ಲಿ 100 ವಂದೇ ಭಾರತ್ ರೈಲುಗಳಿಗೆ ಈ ತಂತ್ರ ಅಳವಡಿಸುವ ಸುದ್ದಿ ಪತ್ರಿಕೆಗಳಲ್ಲಿ ಬಂತು.

ಸಕಲೇಶಪುರ–ಸುಬ್ರಹ್ಮಣ್ಯ ಘಾಟ್‌ಗೆ ತಂದರೆ ಮಂಗಳೂರು ಹತ್ತಿರವಾಗುತ್ತದಾ?

ಆಗುವುದಿಲ್ಲ. ಬೇಸರದ ಉತ್ತರ, ಆದರೆ ಲೆಕ್ಕ ಅದೇ ಹೇಳುತ್ತದೆ. ಸುಮಾರು 55 ಕಿಲೋಮೀಟರಿನ ಆ ಘಾಟ್‌ನಲ್ಲಿ 57 ಸುರಂಗ, ತುಂಬಾ ಬಿಗಿ ತಿರುವುಗಳು, 50 ಮೀಟರಿಗೆ 1 ಮೀಟರ್ ಏರು. ಅಲ್ಲಿ ರೈಲು 30ರ ವೇಗದಲ್ಲಿ ಹೋಗುವುದಕ್ಕೆ ಆ ಇಳಿಜಾರು ದೊಡ್ಡ ಕಾರಣ. ಕೆಳಗಿಳಿಯುವಾಗ ಭಾರಿ ರೈಲನ್ನು ಬ್ರೇಕಿನಲ್ಲಿ ಹಿಡಿದಿಡಬೇಕು. ಜೊತೆಗೆ ಸಿಂಗಲ್ ಲೈನ್, ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯ. ಬೋಗಿ ವಾಲಿದರೆ ಇವುಗಳಲ್ಲಿ ಒಂದೂ ಬಗೆಹರಿಯುವುದಿಲ್ಲ. ಕ್ಯಾಸಲ್‌ರಾಕ್‌ನಿಂದ ಗೋವಾಕ್ಕೆ ಇಳಿಯುವ ಘಾಟ್ ಇನ್ನೂ ಕಡಿದು, ಅಲ್ಲಿಗೂ ಇದೇ ಮಾತು.

ಕೊಂಕಣ ರೈಲ್ವೆಗೆ?

ಅದಕ್ಕೂ ಬೇಡ, ಆದರೆ ಕಾರಣ ಪೂರ್ತಿ ಬೇರೆ. ಇ. ಶ್ರೀಧರನ್ ಅವರ ಮುಂದಾಳತ್ವದಲ್ಲಿ ಆ ಮಾರ್ಗ ಕಟ್ಟುವಾಗಲೇ ಗಂಟೆಗೆ 160 ಕಿಲೋಮೀಟರ್ ವೇಗವನ್ನು ಮನಸ್ಸಿನಲ್ಲಿಟ್ಟಿದ್ದರು. ತಿರುವಿನ ತ್ರಿಜ್ಯ 1250 ಮೀಟರಿಗಿಂತ ಕಡಿಮೆ ಆಗದಂತೆ ಬೆಟ್ಟ ಕೊರೆದರು, ಕಣಿವೆಗೆ ಸೇತುವೆ ಹಾಕಿದರು. ಅಲ್ಲಿ ಹೊತ್ತು ಹೋಗುವುದು ಕ್ರಾಸಿಂಗ್‌ಗೆ ಕಾಯುವುದರಲ್ಲಿ. ಬಹುಪಾಲು ಇನ್ನೂ ಸಿಂಗಲ್ ಲೈನ್. ಕುಮಟಾದಲ್ಲೋ ಭಟ್ಕಳದಲ್ಲೋ ಎದುರಿನ ರೈಲಿಗಾಗಿ ಇಪ್ಪತ್ತು ನಿಮಿಷ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಂತೂ ವೇಳಾಪಟ್ಟಿಯೇ ನಿಧಾನವಾಗುತ್ತದೆ. ಅಲ್ಲಿಗೆ ಬೇಕಾಗಿರುವುದು ಜೋಡಿ ಹಳಿ.

ಹಾಗಾದರೆ ನಮ್ಮ ಕಡೆ ಎಲ್ಲೂ ಹೊಂದುವುದಿಲ್ಲವಾ?

ನನ್ನ ಕಣ್ಣಿಗೆ ಬೀಳುವುದು ಕೇರಳದಲ್ಲಿ ಷೊರನೂರಿನಿಂದ ದಕ್ಷಿಣಕ್ಕೆ ಹೋಗುವ ಹಳಿ. ಷೊರನೂರಿನಿಂದ ಕಾಸರಗೋಡು, ಮಂಗಳೂರಿನ ಕಡೆಗೆ ಬರುವ ಹಳಿ ಅದಕ್ಕಿಂತ ನೆಟ್ಟಗಿದೆ, ಅಲ್ಲಿ ಇದರಿಂದ ಸಿಗುವುದು ಕಡಿಮೆ. ದಕ್ಷಿಣದಲ್ಲಿ ಮಾತ್ರ ತಿರುವಿನ ಮೇಲೆ ತಿರುವು. ಹಳಿಯ ಎರಡೂ ಬದಿಗೆ ಮನೆಗಳು. ತಿರುವು ನೇರ ಮಾಡೋಣ ಎಂದರೆ ಪ್ರತಿ ತುಂಡು ಜಾಗಕ್ಕೂ ಜನರ ಮನೆ ಕೆಡವಬೇಕು. ಪ್ರಯಾಣಿಕರಿಗಂತೂ ಕೊರತೆಯಿಲ್ಲ. ಘಾಟ್‌ನಂಥ ಏರು ಇಲ್ಲ. ಪಶ್ಚಿಮ ಕರಾವಳಿಯ ಆ ಬ್ರಿಟಿಷ್ ಮಾರ್ಗದ ಲಕ್ಷಣಗಳು ಬಹಳಷ್ಟು ಇಲ್ಲಿ ಕಾಣುತ್ತವೆ. ಬ್ರಾಡ್‌ಗೇಜ್ ಎಂಬುದೂ ಅಡ್ಡಿಯಲ್ಲ. ನಮ್ಮ ಗೇಜಿಗೆ ಹತ್ತಿರವಾದ ಹಳಿಯಲ್ಲಿ ಪೋರ್ಚುಗಲ್ 1999ರಿಂದ ಲಿಸ್ಬನ್–ಪೋರ್ಟೊ ನಡುವೆ ವಾಲುವ ರೈಲು ಓಡಿಸುತ್ತಿದೆ.

ಆದರೆ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ಒಂದು ವಂದೇ ಭಾರತ್‌ನ ಓಟವನ್ನು ನಿಮಿಷ ನಿಮಿಷಕ್ಕೂ ಬರೆದುಕೊಂಡು, ತಿರುವಿಗಾಗಿ ಎಷ್ಟು ಹೊತ್ತು ಹೋಯಿತು, ಮುಂದೆ ಹೋಗುತ್ತಿದ್ದ ಪ್ಯಾಸೆಂಜರ್ ರೈಲಿಗಾಗಿ ಎಷ್ಟು, ನಿಲ್ದಾಣಗಳಿಗಾಗಿ ಎಷ್ಟು ಎಂದು ಬೇರೆ ಬೇರೆ ತೆಗೆದು ನೋಡಬೇಕು. ತಿರುವಿನ ಪಾಲು ಅರ್ಧ ಗಂಟೆ ದಾಟಿದರೆ ವಾಲುವ ರೈಲಿನ ಮಾತಾಡೋಣ. ಐದು ನಿಮಿಷ ಎಂದಾದರೆ ಅದೇ ದುಡ್ಡಿನಲ್ಲಿ ಸಿಗ್ನಲ್ ಸುಧಾರಿಸಿ, ಎರಡು ಹಳಿ ಇದ್ದಲ್ಲಿ ಮೂರನೆಯದನ್ನು ಹಾಕಲಿ.